ಕೊಳದಲ್ಲಿಟ್ಟ ಮದ್ದಿನ ಡಬ್ಬಿ

“ಡಬ್ಬಿ ಇಲ್ಲ! ನನ್ನ ಮಗಳ ಮದ್ದಿನ ಡಬ್ಬಿ ಇಲ್ಲ!”

ಕೊಳದ ದಂಡೆಯಿಂದ ಆ ಕೂಗು ಕೇಳಿದ್ದೇ ತಡ, ನನ್ನ ಕೈಯಲ್ಲಿದ್ದ ಚಹಾ ಅರ್ಧ ಒಲೆಗೆ ಬಿತ್ತು, ಅರ್ಧ ನನ್ನ ಕಾಲಿಗೆ. ದೊಡ್ಡಕ್ಕ ಆಗಲೇ ಡೇರೆಯಿಂದ ಹೊರಗೆ ಓಡಿದ್ದಳು. ಪೊಲೀಸ್ ಇಲಾಖೆಯಲ್ಲಿ ಕಳ್ಳರ ಬೆನ್ನುಹತ್ತಿ ನಿವೃತ್ತಳಾದವಳು ಅವಳು. ಬೆಟ್ಟದ ಮೇಲಿನ ಈ ಕ್ಯಾಂಪಿಗೆ ನಾವು ಬಂದದ್ದು ವಿಶ್ರಾಂತಿಗೆ. ವಿಶ್ರಾಂತಿ ಅವಳ ಹಣೆಯಲ್ಲಿ ಬರೆದಿರಬೇಕಲ್ಲ!

ಪಕ್ಕದ ಡೇರೆಯ ತಾಯಿ ದಂಡೆಯ ಹುಲ್ಲಿನಲ್ಲಿ ಕುಸಿದು ಕೂತಿದ್ದಳು. ಕೈಯಲ್ಲಿ ಬರೀ ದಾರ.

ಇಲ್ಲಿ ಫ್ರಿಜ್ಜು ಇಲ್ಲ. ಹಗಲು ಡೇರೆಯೊಳಗೆ ಕಾದ ಹಂಚಿನಂಥ ಸೆಕೆ. ಹಾಗಾಗಿ ಊಟೆಯ ತಣ್ಣನೆಯ ನೀರು ಬಂದು ಕೊಳ ಸೇರುವ ಮೂಲೆಯಲ್ಲಿ ಗೂಟ ಹೊಡೆದು, ಹಾಲು, ಬೆಣ್ಣೆ, ಬಾಟಲಿಗಳನ್ನು ದಾರಕ್ಕೆ ಕಟ್ಟಿ ನೀರಿಗೆ ಇಳಿಬಿಡುವುದು ಎಲ್ಲರ ರೂಢಿ. ಕೆಮ್ಮಣ್ಣು ಕಲೆತ ನೀರು. ಮೊನ್ನೆ ನನ್ನ ಬನಿಯನ್ನನ್ನು ಒಂದು ಸಲ ಅದ್ದಿ ತೆಗೆದದ್ದಕ್ಕೇ ಅದು ಚಹಾದ ಬಣ್ಣಕ್ಕೆ ತಿರುಗಿ, ದೊಡ್ಡಕ್ಕ ಹೊಟ್ಟೆ ಹಿಡಿದು ನಕ್ಕಿದ್ದಳು. ಈ ತಾಯಿ ಇಳಿಬಿಡುತ್ತಿದ್ದದ್ದು ಮಗಳ ಇನ್ಸುಲಿನ್ ಸೀಸೆಗಳ ತಗಡಿನ ಡಬ್ಬಿ. ಸೂಜಿ ಇಲ್ಲದೆ ಆ ಮಗುವಿಗೆ ದಿನ ಕಳೆಯುವುದಿಲ್ಲ.

“ಪೇಟೆಗೆ ಹೋಗಿ ತರೋಣ, ಅಳಬೇಡಿ” ಎಂದೆ ನಾನು.

“ಹೇಗೆ ಹೋಗ್ತೀರಿ? ರಾತ್ರಿ ಗುಡ್ಡ ಜರಿದು ರಸ್ತೆ ಮುಚ್ಚಿದೆ” ಎಂದ ಓಡಿಬಂದ ಕ್ಯಾಂಪಿನ ಮೇಲ್ವಿಚಾರಕ. “ವೈರ್‌ಲೆಸ್ಸಿನಲ್ಲಿ ಹೇಳಿದ್ದೀನಿ. ನಾಳೆವರೆಗೂ ಯಾರೂ ಬರೋಕಾಗಲ್ವಂತೆ.”

ನಾಳೆ! ಡೇರೆಯೊಳಗೆ ಹುಡುಗಿ ಆಗಲೇ ಮೂರನೇ ಸಲ ನೀರು ಕೇಳುತ್ತಿದ್ದಳು.

ಕೊಳದ ನಡುವೆ ಒಬ್ಬ ಮುಳುಗಿ ಏಳುತ್ತಿದ್ದ — ತಾಯಿಯ ತಮ್ಮ, ಹುಡುಗಿಯ ಸೋದರಮಾವ. ತುಟಿ ನೀಲಿಗಟ್ಟಿತ್ತು. “ಸಿಗುತ್ತೆ ಅಕ್ಕಾ, ಸಿಗುತ್ತೆ!”

ತಾಯಿ ಮೇಲ್ವಿಚಾರಕನ ಕಾಲರಿಗೇ ಕೈ ಹಾಕಿದಳು. “ನೀನೇ ತಾನೇ ನಿನ್ನೆ, ಕೊಳ ಗಲೀಜು ಮಾಡ್ತೀರಿ, ಎಲ್ಲಾ ಕಿತ್ತು ಎಸೀತೀನಿ ಅಂದದ್ದು? ಎಲ್ಲಿ ಎಸೆದೆ? ಹೇಳು!”

“ಬಾಯಿಮಾತಿಗೆ ಅಂದೆ ಕಣಮ್ಮಾ! ನನಗೂ ಮಕ್ಕಳಿವೆ.”

“ಕಿತ್ತು ಎಸೆಯೋನು ಒಂದನ್ನೇ ಯಾಕೆ ಕೀಳ್ತಾನೆ?” ಎಂದಳು ದೊಡ್ಡಕ್ಕ. “ಉಳಿದವೆಲ್ಲ ಹಾಗೇ ಇವೆ.”

ಗಾಳ ಹಾಕುತ್ತ ಕೂತಿದ್ದ ಮುದುಕನತ್ತ ತಿರುಗಿದಳು. “ತಾತಾ, ನಿಮ್ಮ ಗಾಳಕ್ಕೆ ಸಿಕ್ಕಿತಾ?”

“ಬೆಣ್ಣೆ ಕದ್ದೆ ಅಂದ್ರೆ ಒಪ್ಕೋತೀನಿ. ಸೂಜಿಮದ್ದು ತಗೊಂಡು ಏನ್ಮಾಡ್ಲಿ ತಾಯಿ? ಮೀನಿಗೇನು ಸಕ್ಕರೆ ಕಾಯಿಲೆಯಾ?”

ಯಾರೂ ನಗಲಿಲ್ಲ. ಡೇರೆಯೊಳಗಿಂದ ಹುಡುಗಿ ವಾಂತಿ ಮಾಡಿಕೊಂಡ ಸದ್ದು ಬಂತು. ಮುದುಕ ಗಾಳ ಬಿಸಾಕಿ ತಾನೂ ಮೊಣಕಾಲುದ್ದ ನೀರಿಗಿಳಿದ.

ಬಿಸಿಲೇರಿತು. ನಾವೆಲ್ಲ ಕೆಸರು ತಡಕಿದೆವು, ಜೊಂಡು ಸೀಳಿದೆವು. ಏನೂ ಇಲ್ಲ. ದೊಡ್ಡಕ್ಕ ಮಾತ್ರ ಗೂಟಗಳ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು. ನನಗೆ ತಡೆಯಲಿಲ್ಲ. “ಕೂತ್ಕೊಂಡು ಏನ್ ನೋಡ್ತೀಯೇ? ಅಲ್ಲಿ ಮಗು ಒದ್ದಾಡ್ತಿದೆ!”

“ಬಾಯ್ಮುಚ್ಕೊಂಡು ಆ ತಾಯೀನ ಕರಿ.”

ಕರೆದೆ.

“ಈ ದಾರ ಯಾವಾಗಿಂದು?”

“ಹೊಸದು. ಹಳೇದು ಸವೆದಿತ್ತು, ನಿನ್ನೆ ಸಂಜೆ ಸೂಜಿ ಹಾಕಿದ ಮೇಲೆ ಇದನ್ನ ಕೊಟ್ಟೆ.”

“ಕಟ್ಟಿ ಇಳಿಸಿದ್ದು ನೀವೇನಾ?”

“ಇಲ್ಲ, ನನ್ನ ತಮ್ಮ. ಆಮೇಲೆ ಡೇರೆಯಿಂದ ನೋಡಿದೆ, ದಾರ ಗೂಟದಲ್ಲೇ ಇತ್ತು. ಬೆಳಿಗ್ಗೆ ಬಂದರೆ ತುದಿ ಹುಲ್ಲಿನ ಮೇಲೆ ಬಿದ್ದಿತ್ತು. ಯಾರೋ ಮೇಲೆಳೆದು ಬಿಚ್ಚಿಕೊಂಡು ಹೋಗಿದ್ದಾರೆ…”

ದೊಡ್ಡಕ್ಕ ಎದ್ದಳು. “ನೀರಿನಿಂದ ಮೇಲೆ ಬಾಪ್ಪಾ” ಎಂದು ಸೋದರಮಾವನನ್ನು ಕರೆದಳು. “ಕೊಳದಲ್ಲಿ ಇಲ್ಲ ಅದು. ನಿನಗೂ ಗೊತ್ತು.”

ಅವನು ಎದೆಮಟ್ಟದ ನೀರಲ್ಲಿ ಹಾಗೇ ನಿಂತುಬಿಟ್ಟ.

“ಏನ್ ಹೇಳ್ತಿದ್ದೀರಿ?” ತಾಯಿ ಸಿಡಿದಳು. “ಬೆಳಿಗ್ಗೆಯಿಂದ ಮುಳುಗಿ ಮುಳುಗಿ ಸಾಯ್ತಿದ್ದಾನೆ ಅವನು!”

“ಮುಳುಗೋದನ್ನ ನಾವೆಲ್ಲ ನೋಡಿದ್ವಿ. ದಾರ ಯಾರೂ ನೋಡಲಿಲ್ಲ. ಉಳಿದ ದಾರಗಳನ್ನ ನೋಡಿ — ನೀರಲ್ಲಿ ಇದ್ದಷ್ಟು ಉದ್ದ ಕೆಂಪಗಾಗಿವೆ. ನನ್ನ ತಮ್ಮನ ಬನಿಯನ್ನಿಗೆ ಒಂದೇ ಅದ್ದು ಸಾಕಾಯ್ತು. ನಿಮ್ಮ ದಾರ? ಈ ತುದಿಯಿಂದ ಆ ತುದಿವರೆಗೂ ಮಲ್ಲಿಗೆಯಷ್ಟು ಬಿಳಿ. ಇದು ನೀರಿಗೆ ಇಳಿದೇ ಇಲ್ಲ. ಇಳಿಯದ ಡಬ್ಬೀನ ಕಳ್ಳ ಎಲ್ಲಿಂದ ಎಳೀತಾನೆ? — ಹೇಳಪ್ಪಾ. ಒಡೆದುಹೋಯ್ತಾ?”

ಅವನ ಹಲ್ಲು ಕಟಕಟ ಅಂದವು. “ಬಂಡೆ ಮೇಲೆ ಕಾಲು ಜಾರಿತು… ಡಬ್ಬಿ ಬಿತ್ತು… ಗಾಜಿನ ಸದ್ದು ಕೇಳಿಸ್ತು. ಅಕ್ಕ ನೋಡಿದ್ರೆ ಸಾಯಿಸಿಬಿಡ್ತಾಳೆ ಅಂತ ಗೂಟಕ್ಕೆ ಬರೀ ದಾರ ಕಟ್ಟಿ, ತುದೀನ ಹುಲ್ಲಲ್ಲೇ ಬಿಟ್ಟೆ. ಬೆಳಗಾಗೋ ಮುಂಚೆ ಕಾರ್ ತಗೊಂಡು ಹೋಗಿ ಹೊಸದು ತಂದಿಡೋಣ ಅಂತಿದ್ದೆ. ಗುಡ್ಡ ಜರಿಯುತ್ತೆ ಅಂತ ಯಾರಿಗೆ ಗೊತ್ತಿತ್ತು?”

“ಡಬ್ಬಿ ತೆರೆದು ನೋಡಿದ್ಯಾ?”

“ಇಲ್ಲ. ಧೈರ್ಯ ಬರ್ಲಿಲ್ಲ.”

“ಎಲ್ಲಿದೆ?”

“ಕಸದ… ಕಬ್ಬಿಣದ ತೊಟ್ಟಿಯಲ್ಲಿ.”

ಮೇಲ್ವಿಚಾರಕ ಎದ್ದುಬಿದ್ದು ಓಡಿದ, ಹಿಂದೆಯೇ ನಾನು. ನಾವಿಬ್ಬರೂ ಸೇರಿ ತೊಟ್ಟಿ ಉರುಳಿಸಿದೆವು. ಬೂದಿ, ಸಿಪ್ಪೆ, ಖಾಲಿ ಪೊಟ್ಟಣ — ಅಡಿಯಲ್ಲಿ ನೆಗ್ಗಿದ ಡಬ್ಬಿ. ಮುಚ್ಚಳ ಕಚ್ಚಿಕೊಂಡಿತ್ತು, ಮುದುಕ ಚಾಕು ತೂರಿಸಿ ಮೀಟಿದ. ಗಾಜಿನ ಚೂರು. ಒದ್ದೆ ಹತ್ತಿ. ಇನ್ನೂ ಚೂರು. ಹತ್ತಿಯ ಮಡಿಕೆಯೊಳಗೆ ಒಂದೇ ಒಂದು ಸೀಸೆ ಇಡಿಯಾಗಿತ್ತು.

ಬೆಳಿಗ್ಗೆಯೇ ಹಾಕಬೇಕಿದ್ದ ಸೂಜಿ ಬಿಸಿಲು ನೆತ್ತಿಗೇರಿದ ಮೇಲೆ ಬಿತ್ತು.

ಆಮೇಲೆ ಕಾಯುವುದೊಂದೇ ಕೆಲಸ. ಸೋದರಮಾವ ಒದ್ದೆ ಬಟ್ಟೆಯಲ್ಲೇ ಡೇರೆಯ ಹೊರಗೆ ನಿಂತಿದ್ದ. ಯಾರು ಕೊಟ್ಟ ಕಂಬಳಿಯನ್ನೂ ತೆಗೆದುಕೊಳ್ಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಒಳಗಿಂದ ಕ್ಷೀಣ ದನಿ ಕೇಳಿತು: “ಅಮ್ಮಾ, ಹೊಟ್ಟೆ ಹಸೀತಿದೆ.”

ತಾಯಿ ತಟ್ಟೆ ಹಿಡಿದು ಹೊರಗೆ ಬಂದಳು. ಒಲೆಯ ಮುಂದೆ ಕೂತಳು. ಅವನು ಅವಳ ಎದುರು ಮೊಣಕಾಲೂರಿದ.

“ಅಕ್ಕಾ… ಬಯ್ಯೇ. ಒಂದ್ಸಲ ಬಯ್ಯೇ ಅಕ್ಕಾ.”

ಅವಳು ಮಗಳ ತಟ್ಟೆಗೆ ಅನ್ನ ಬಡಿಸಿಕೊಂಡಳು. ಅವನ ಪಕ್ಕದಿಂದ ಬಳಸಿ ಒಳಗೆ ಹೋಗಿ, ಡೇರೆಯ ಪರದೆ ಇಳಿಬಿಟ್ಟಳು.