ದ್ಯಾಮಮ್ಮ, ಎಪ್ಪತ್ತೊಂದು ವರ್ಷ, ಕುಪ್ಪಗಡ್ಡೆ

ಅತಿಥಿ ಉಪನ್ಯಾಸಕಿ ಗಂಗಾಶ್ರೀಗೆ ಕಾಯಂ ಕೆಲಸ ಇರಲಿಲ್ಲ. ಶಿಫಾರಸು ಮಾಡುವ ಜನರೂ ಇರಲಿಲ್ಲ. ಆರು ವರ್ಷ ಹಳ್ಳಿ ಸುತ್ತಿ ಬರೆದ ಒಂದು ಪಿಎಚ್‌ಡಿ ಪ್ರಬಂಧ ಇತ್ತು. ಮಾರ್ಚ್ ಮೂರರ ಬೆಳಿಗ್ಗೆ, ಅದೂ ಅವಳದಲ್ಲ ಎಂದು ಕಂಪ್ಯೂಟರ್ ಹೇಳಿತು.

ಕಂಪ್ಯೂಟರಿನ ಮುಂದೆ ಕೂತಿದ್ದವರು ನೀಲಾಂಬಿಕ. ಅವಳು ಪಾಠ ಮಾಡುತ್ತಿದ್ದ ಶಿಕಾರಿಪುರದ ಕಾಲೇಜಿನ ಗ್ರಂಥಪಾಲಕಿ. ಪ್ರಬಂಧ ಒಪ್ಪಿಸುವ ಮೊದಲು ಅದರಲ್ಲಿ ಕದ್ದ ಸಾಲುಗಳಿವೆಯೇ ಎಂದು ನೋಡುವುದು ಅವರ ಕೆಲಸ. ಹೋಲಿಕೆ ಶೇಕಡಾ ಹತ್ತರೊಳಗಿದ್ದರೆ ಸಹಿ. ಗಂಗಾಶ್ರೀಯ ಮೂರನೇ ಅಧ್ಯಾಯದಲ್ಲಿ ಅದು ಎಪ್ಪತ್ತೆಂಟು ಇತ್ತು.

ಹೋಲುತ್ತಿದ್ದದ್ದು ಒಂದೇ ಲೇಖನವನ್ನು. ‘ಜ್ಞಾನಸಾಲು’ ಎಂಬ ಸಂಶೋಧನಾ ಪತ್ರಿಕೆಯಲ್ಲಿ ಹೋದ ಜೂನ್‌ನಲ್ಲಿ ಅಚ್ಚಾಗಿತ್ತು. ಸೊರಬ ಸೀಮೆಯಲ್ಲಿ ಬಿತ್ತನೆ ಭತ್ತ ಕಾಪಾಡುವ ಹೆಂಗಸರ ಬಗ್ಗೆ. ಬರೆದವರು ಸೊರಬದ ಖಾಸಗಿ ಕಾಲೇಜಿನ ಅಧ್ಯಾಪಕ ಡಾ. ಗುರುಪ್ರಕಾಶ್.

ನೀಲಾಂಬಿಕ ಅವಳನ್ನು ಕರೆಸಿ ಹಾಳೆ ಮುಂದಿಟ್ಟರು. ಗಂಗಾಶ್ರೀ ಎರಡು ಸಲ ಓದಿದಳು.

“ಇದು ನಾನು ಬರೆದಿದ್ದು ಮೇಡಂ. ಅದೇ ಪತ್ರಿಕೆಗೆ ಕಳಿಸಿದ್ದೆ. ವಾಪಸ್ ಮಾಡಿದ್ರು.”

“ಯಾವಾಗ ಕಳಿಸಿದ್ದು?”

“ಎರಡು ಸಾವಿರದ ಇಪ್ಪತ್ಮೂರು, ಜುಲೈ.”

ಗುರುಪ್ರಕಾಶನ ಲೇಖನದ ಕೆಳಗೆ ಅದು ಪತ್ರಿಕೆಗೆ ಬಂದ ದಿನಾಂಕ ಅಚ್ಚಾಗಿತ್ತು. ಅದೇ ವರ್ಷ ಮೇ ಹತ್ತು. ಕಾಗದದ ಪ್ರಕಾರ ಅವನೇ ಮೊದಲು.

ಪ್ರಬಂಧ ಒಪ್ಪಿಸಲು ಅವಳಿಗಿದ್ದ ಕೊನೆಯ ದಿನ ಮಾರ್ಚ್ ಮೂವತ್ತೊಂದು. ವಿಶ್ವವಿದ್ಯಾಲಯ ಆಗಲೇ ಎರಡು ಸಲ ಗಡುವು ಮುಂದೂಡಿತ್ತು. ಮೂರನೇ ಸಲ ಇಲ್ಲ ಎಂದು ಬರೆದು ಕೊಟ್ಟಿತ್ತು.

*

ನೀಲಾಂಬಿಕ ಅವಳನ್ನು ನಂಬಲಿಲ್ಲ. ಕದ್ದವರೆಲ್ಲ ಮೊದಲು ಹೇಳುವ ಮಾತು ಅದೇ. ಮಾತಾಡಿದವರ ದನಿಯನ್ನು ರೆಕಾರ್ಡ್ ಮಾಡಿದ್ದೀಯಾ ಎಂದು ಕೇಳಿದರು. ಮಾಡಿದ್ದ ಮೊಬೈಲ್ ಸತ್ತು ಒಂದು ವರ್ಷವಾಗಿತ್ತು. ನಾಲ್ಕು ನೋಟ್‌ಬುಕ್ ಇದ್ದವು. ಯಾವುದರಲ್ಲೂ ತಾರೀಕಿರಲಿಲ್ಲ.

ಅವರು ಎರಡೂ ಬರಹ ಪಕ್ಕಪಕ್ಕ ಇಟ್ಟು ಸಾಲು ಸಾಲು ನೋಡಿದರು. ಕೊನೆಯಲ್ಲಿ ಮಾಹಿತಿ ಕೊಟ್ಟ ಹೆಂಗಸರ ಪಟ್ಟಿ. ಎರಡರಲ್ಲೂ ಹನ್ನೊಂದು ಹೆಸರು. ಹತ್ತು ಒಂದೇ. ಒಂದು ಮಾತ್ರ ಬೇರೆ. ಗುರುಪ್ರಕಾಶನ ಲೇಖನದಲ್ಲಿ: ದ್ಯಾಮಮ್ಮ, ಎಪ್ಪತ್ತೊಂದು ವರ್ಷ, ಕುಪ್ಪಗಡ್ಡೆ. ಗಂಗಾಶ್ರೀಯ ಪ್ರಬಂಧದಲ್ಲಿ: ವನಜಮ್ಮ, ಐವತ್ತೆಂಟು ವರ್ಷ, ಕುಪ್ಪಗಡ್ಡೆ.

ಕದ್ದವರು ಗುರುತು ಅಳಿಸಲು ಅಲ್ಲಲ್ಲಿ ಹೆಸರು ಬದಲಾಯಿಸುತ್ತಾರೆ. ಇಲ್ಲಿ ಬದಲಾಯಿಸಿದವಳು ಗಂಗಾಶ್ರೀ ಎಂದುಕೊಂಡರು. ಆದರೂ ಒಂದು ಅನುಮಾನ ಉಳಿಯಿತು. ಹನ್ನೊಂದರಲ್ಲಿ ಒಂದನ್ನೇ ಯಾಕೆ?

ಗಂಗಾಶ್ರೀಯನ್ನೇನೂ ಕೇಳದೆ, ಮರುದಿನ ರಜೆ ಹಾಕಿ ಸೊರಬದ ಬಸ್ಸು ಹತ್ತಿದರು.

*

ಕುಪ್ಪಗಡ್ಡೆಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ವನಜಮ್ಮ ಜಗುಲಿಯ ಮೇಲೆ ಅವರೆ ಸುಲಿಯುತ್ತಿದ್ದರು. ಕಾಲೇಜಿನವರು ಎಂದ ಕೂಡಲೇ ಪುಸ್ತಕ ಬಂತಾ ಎಂದು ಕೇಳಿದರು. ಗಂಗಾಶ್ರೀ ಈ ಮನೆಗೆ ಆರು ಸಲ ಬಂದಿದ್ದಳಂತೆ. ಗುರುಪ್ರಕಾಶ್ ಎಂಬ ಹೆಸರನ್ನು ಅವರು ಕೇಳಿರಲಿಲ್ಲ.

“ದ್ಯಾಮಮ್ಮ ಇದಾರಾ?” ನೀಲಾಂಬಿಕ ಕೇಳಿದರು.

“ನಮ್ಮತ್ತೆ. ಹೋಗಿ ಹದಿನಾರು ವರ್ಷ ಆತಲ್ರೀ.”

ನೀಲಾಂಬಿಕ ಕೈಲಿದ್ದ ಲೋಟ ಕೆಳಗಿಟ್ಟರು.

ವನಜಮ್ಮ ಒಳಗಿನಿಂದ ಒಂದು ಮಡಕೆ ತಂದರು. ಹುಳ ಬಾರದಂತೆ ಲಕ್ಕಿ ಸೊಪ್ಪು, ಬೂದಿ, ಅದರಡಿ ಭತ್ತ. ಈ ಮನೆಗಳಲ್ಲಿ ಬೀಜದ ಮಡಕೆ ತೆಗೆಯುವಾಗ, ಬೀಜ ಕೊಟ್ಟವರ ಹೆಸರು ಹೇಳಿ ತೆಗೆಯುತ್ತಾರೆ. ಸತ್ತಿದ್ದರೂ ಅವರದೇ ಹೆಸರು. ಬಳಸುವವರು ತಮ್ಮ ಹೆಸರು ಹೇಳುವಂತಿಲ್ಲ.

“ಆ ಹುಡುಗಿ ನನ್ನ ಹೆಸರು ಬರ್ಕೊಳಕ್ಕೆ ಹೋತು. ನಾನು ಬ್ಯಾಡ ಅಂದೆ. ಬೀಜ ಅತ್ತೆದು, ಹೆಸರೂ ಅವರದೇ ಹಾಕು ಅಂದೆ. ವಯಸ್ಸು ಕೇಳಿತು. ಸಾಯುವಾಗ ಎಷ್ಟಿತ್ತೋ ಅದನ್ನೇ ಹೇಳಿದೆ.”

“ಎಪ್ಪತ್ತೊಂದು.”

“ನಿಮ್ಗೆಂಗೆ ಗೊತ್ತಾತು?”

ನೀಲಾಂಬಿಕ ದ್ಯಾಮಮ್ಮನ ಮರಣ ಪ್ರಮಾಣಪತ್ರದ ಒಂದು ನಕಲು ಬೇಕೆಂದರು.

*

ಈಗ ಪ್ರಶ್ನೆ ಬದಲಾಗಿತ್ತು. ದ್ಯಾಮಮ್ಮನ ಹೆಸರನ್ನು ಗಂಗಾಶ್ರೀ ಎಲ್ಲೆಲ್ಲಿ ಬರೆದಿದ್ದಳು?

ಎರಡು ಕಡೆ ಎಂದಳು ಗಂಗಾಶ್ರೀ. ಪತ್ರಿಕೆಗೆ ಕಳಿಸಿದ ಲೇಖನದಲ್ಲಿ ಮತ್ತು ಮಾರ್ಗದರ್ಶಕರಿಗೆ ಕೊಟ್ಟ ಮೊದಲ ಕರಡಿನಲ್ಲಿ. ಮಾರ್ಗದರ್ಶಕರು ಪರಮಶಿವಪ್ಪ, ನಿವೃತ್ತಿಯ ಅಂಚಿನ ಪ್ರಾಧ್ಯಾಪಕರು. ವಿದ್ಯಾರ್ಥಿಗಳ ಬರಹವನ್ನು ಮಾರ್ಗದರ್ಶಕರೇ ನುಂಗಿದ ಕಥೆಗಳು ನೀಲಾಂಬಿಕ ಅವರಿಗೆ ಹತ್ತಾರು ಗೊತ್ತಿದ್ದವು. ನೇರವಾಗಿ ಅವರ ಕೊಠಡಿಗೆ ಹೋಗಿ ಕರಡು ಕೇಳಿದರು.

ಕರಡಿನಲ್ಲಿ ದ್ಯಾಮಮ್ಮನ ಹೆಸರಿನ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ಪರಮಶಿವಪ್ಪನವರ ಅಕ್ಷರ: ಸತ್ತವರು ಮಾಹಿತಿ ಕೊಡುವುದು ಹೇಗೆ? ಬದುಕಿರುವವರ ಹೆಸರು ಹಾಕು. ಕೆಳಗೆ ತಾರೀಕು, ಎರಡು ಸಾವಿರದ ಇಪ್ಪತ್ನಾಲ್ಕರ ಜನವರಿ ಹನ್ನೆರಡು. ಗುರುಪ್ರಕಾಶನ ಲೇಖನ ಅಚ್ಚಾಗುವುದಕ್ಕೆ ಐದು ತಿಂಗಳು ಮೊದಲು.

ಆ ಹೆಸರು ತಪ್ಪೆಂದು ಪರಮಶಿವಪ್ಪನವರಿಗೆ ಗೊತ್ತಿತ್ತು. ಕದ್ದವನಿಗೆ ಗೊತ್ತಿರಲಿಲ್ಲ. ಉಳಿದದ್ದು ಪತ್ರಿಕೆ ಒಂದೇ.

ಸಂಪಾದಕರು ಸಿದ್ಧಲಿಂಗೇಶ್. ಲೇಖನ ಬಂದರೆ ತಜ್ಞರೊಬ್ಬರಿಗೆ ಕಳಿಸುತ್ತಾರೆ. ತಜ್ಞರು ಯಾರೆಂದು ಲೇಖಕರಿಗೆ ತಿಳಿಸುವುದಿಲ್ಲ. ಗಂಗಾಶ್ರೀಗೆ ಬಂದ ಪತ್ರದಲ್ಲಿ ಒಂದೇ ಸಾಲಿತ್ತು: ಕ್ಷೇತ್ರಕಾರ್ಯ ಸಾಲದು. ಪತ್ರಿಕೆಯ ಒಳಹೊದಿಕೆಯಲ್ಲಿ ಮೂವರು ತಜ್ಞರ ಹೆಸರಿತ್ತು. ಗಂಗಾಶ್ರೀಯ ವಿಷಯವಾದ ಜಾನಪದಕ್ಕೆ ಒಬ್ಬರೇ. ಡಾ. ಗುರುಪ್ರಕಾಶ್.

ಅವನು ತನ್ನ ಲೇಖನದ ಜೊತೆ ಕೊಟ್ಟ ಘೋಷಣೆಯೂ ಅಚ್ಚಾಗಿತ್ತು. ಲೇಖಕರಿಗೂ ಸಂಪಾದಕರಿಗೂ ಸಂಬಂಧವಿದೆಯೇ? ಇಲ್ಲ.

ಪತ್ರಿಕೆ ಜೆರಾಕ್ಸ್ ಮಾಡುತ್ತಿದ್ದ ಅಟೆಂಡರ್ ಯಲ್ಲಪ್ಪ ಆ ಸಾಲು ಓದಿ ನಕ್ಕ.

“ಇಲ್ಲ ಅಂದ್ರೆ ಹೆಂಗ್ರೀ ಮೇಡಂ? ಸಿದ್ಧಲಿಂಗೇಶ್ ಸರ್ ತಂಗೀನ ಕೊಟ್ಟಿರೋದು ಇವರಿಗೇ. ತೊಗರ್ಸಿಯಾಗ ಮದ್ವಿ. ಪಾಯಸ ಬಡಿಸ್ದವ ನಾನು.”

*

ಮಾರ್ಚ್ ಹತ್ತೊಂಬತ್ತಕ್ಕೆ ಪ್ರಾಂಶುಪಾಲೆ ರಾಜೇಶ್ವರಮ್ಮ ಒಂದು ಸಮಿತಿ ಮಾಡಿ ವಿಚಾರಣೆ ಕರೆದರು. ಗುರುಪ್ರಕಾಶ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದ. ಸಿದ್ಧಲಿಂಗೇಶ್ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬ ಹಳ್ಳಿ ಹೆಂಗಸು ಕೂತಿದ್ದರು. ಗುರುಪ್ರಕಾಶ್ ಆ ಕಡೆ ನೋಡಲೂ ಇಲ್ಲ.

“ದ್ಯಾಮಮ್ಮನವರನ್ನ ನೀವೇ ಭೇಟಿ ಮಾಡಿದ್ರಾ?” ನೀಲಾಂಬಿಕ ಕೇಳಿದರು.

“ನಾನೇ. ಎರಡು ಸಲ. ಕ್ಷೇತ್ರಕಾರ್ಯ ಇಲ್ಲದೆ ನಾನು ಬರೆಯೋದಿಲ್ಲ.”

“ಹೇಗಿದ್ರು?”

“ವಯಸ್ಸಾದವರು. ಕಿವಿ ಸ್ವಲ್ಪ ಮಂದ, ನೆನಪು ಗಟ್ಟಿ. ಚಹಾ ಮಾಡಿ ಕೊಟ್ರು.”

ಹಿಂದಿನ ಬೆಂಚಿನಿಂದ ವನಜಮ್ಮ ಎದ್ದರು.

“ನಮ್ಮತ್ತೆ ಬಂಗಾರದ ಓಲೆ ಎಲ್ಲಿಟ್ಟು ಸತ್ರು ಅಂತ ಹದಿನಾರು ವರ್ಷದಿಂದ ಹುಡುಕ್ತಾ ಇದೀವಿ. ಚಾ ಕೊಡುವಾಗ ನಿಮ್ಹತ್ರ ಏನಾದ್ರೂ ಹೇಳಿದ್ರಾ ಸ್ವಾಮಿ?”

ಬಾಗಿಲಲ್ಲಿದ್ದ ಯಲ್ಲಪ್ಪ ಕೆಮ್ಮಿದ. ನೀಲಾಂಬಿಕ ಮರಣ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟರು. ಎರಡು ಸಾವಿರದ ಒಂಬತ್ತು.

ಗುರುಪ್ರಕಾಶ್ ಅದನ್ನು ಓದಿದ. ಅವನ ದನಿ ಏರಿತು.

“ಹಾಗಾದ್ರೆ ತಪ್ಪು ಅವಳದು. ಸತ್ತವಳ ಹೆಸರು ಬರೆದಿದ್ದು ಅವಳು, ನಾನಲ್ಲ.”

“ಅವಳ ಪ್ರಬಂಧದಲ್ಲಿ ಆ ಹೆಸರೇ ಇಲ್ಲ ಸರ್,” ನೀಲಾಂಬಿಕ ಹೇಳಿದರು. “ಅವಳು ಬರೆದಿದ್ಲು ಅಂತ ನಿಮಗೆ ಗೊತ್ತಾಗಿದ್ದು ಎಲ್ಲಿಂದ?”

ಅವನು ಕಾಗದವನ್ನು ಮೇಜಿಗೆ ವಾಪಸ್ ಇಟ್ಟ.

ನೀಲಾಂಬಿಕ ಉಳಿದದ್ದನ್ನು ಹೇಳಿ ಮುಗಿಸಿದರು. ಗಂಗಾಶ್ರೀ ಕಳಿಸಿದ ಲೇಖನವನ್ನು ಸಿದ್ಧಲಿಂಗೇಶ್ ತನ್ನ ತಂಗಿಯ ಗಂಡನಿಗೇ ಪರಿಶೀಲನೆಗೆ ಕೊಟ್ಟ. ಅವನಿಗೆ ಬಡ್ತಿಗೆ ಒಂದು ಲೇಖನ ಬೇಕಿತ್ತು. ಕ್ಷೇತ್ರಕಾರ್ಯ ಸಾಲದು ಎಂದು ಅವಳದನ್ನು ತಿರಸ್ಕರಿಸಿ, ಅದೇ ಕ್ಷೇತ್ರಕಾರ್ಯಕ್ಕೆ ತನ್ನ ಹೆಸರು ಹಾಕಿದ. ಲೇಖನ ಬಂದ ದಿನಾಂಕವನ್ನು ಸಂಪಾದಕ ಅವಳದಕ್ಕಿಂತ ಎರಡು ತಿಂಗಳು ಹಿಂದಕ್ಕೆ ತಳ್ಳಿದ. ಕುಪ್ಪಗಡ್ಡೆಗೆ ಒಂದು ಸಲ ಹೋಗಿದ್ದರೂ ದ್ಯಾಮಮ್ಮ ಸತ್ತಿರುವುದು ತಿಳಿಯುತ್ತಿತ್ತು. ಸೊರಬದಲ್ಲೇ ಇದ್ದೂ ಅವನು ಹೋಗಲಿಲ್ಲ.

ಗುರುಪ್ರಕಾಶ್ ಹೇಳಿದ: “ಎಲ್ಲರೂ ಮಾಡ್ತಾರೆ.”

*

ಗಂಗಾಶ್ರೀ ಕದ್ದಿಲ್ಲ ಎಂದು ಸಮಿತಿ ಬರೆದು ಕೊಟ್ಟಿತು. ಸಾಫ್ಟ್‌ವೇರ್‌ಗೆ ಅದು ಸಾಕಾಗಲಿಲ್ಲ. ಅಚ್ಚಾದ ಲೇಖನವನ್ನು ಪತ್ರಿಕೆ ಹಿಂಪಡೆಯುವವರೆಗೆ ಎಪ್ಪತ್ತೆಂಟು ಎಪ್ಪತ್ತೆಂಟೇ. ವಿಶ್ವವಿದ್ಯಾಲಯದ ನಿಯಮದ ಪ್ರಕಾರ ಹಿಂಪಡೆಯುವ ಪತ್ರಕ್ಕೆ ಸಂಪಾದಕರ ಸಹಿ ಬೇಕು. ಸಂಪಾದಕರ ಮೇಲಿನ ದೂರನ್ನೂ ಸಂಪಾದಕರಿಗೇ ಕಳಿಸಬೇಕು.

ಸಿದ್ಧಲಿಂಗೇಶ್ ಫೋನ್ ಎತ್ತಲಿಲ್ಲ. ನೀಲಾಂಬಿಕ ಅವನ ಮನೆಗೆ ಮೂರು ಸಲ ಹೋದರು. ವಿಷಯ ಪರಿಶೀಲನೆಯಲ್ಲಿದೆ ಎಂದು ಒಂದು ಈಮೇಲ್ ಬಂತು. ಮಾರ್ಚ್ ಮೂವತ್ತೊಂದು ಕಳೆಯಿತು. ಏಪ್ರಿಲ್ ಒಂದಕ್ಕೆ ಗಂಗಾಶ್ರೀಯ ನೋಂದಣಿ ರದ್ದಾಯಿತು.

ಸಹಿ ಇದ್ದ ಪತ್ರ ಏಪ್ರಿಲ್ ಇಪ್ಪತ್ತೆರಡಕ್ಕೆ ಬಂತು. ಮಾಹಿತಿದಾರರ ವಿವರದಲ್ಲಿ ದೋಷವಿದ್ದ ಕಾರಣ ಲೇಖನವನ್ನು ಹಿಂಪಡೆಯಲಾಗಿದೆ. ಕಳವಿನ ಮಾತು ಅದರಲ್ಲಿರಲಿಲ್ಲ. ಗುರುಪ್ರಕಾಶನ ಬಡ್ತಿ ಒಂದು ವರ್ಷ ಮುಂದಕ್ಕೆ ಹೋಯಿತು. ಸಿದ್ಧಲಿಂಗೇಶ್ ಈಗಲೂ ಸಂಪಾದಕ.

ಜೂನ್‌ನಲ್ಲಿ ಅತಿಥಿ ಉಪನ್ಯಾಸಕರ ಹೊಸ ಪಟ್ಟಿ ಬಂತು. ಗಂಗಾಶ್ರೀ ಅದರಲ್ಲಿರಲಿಲ್ಲ. ಅವಳು ಗ್ರಂಥಾಲಯದ ಪುಸ್ತಕಗಳನ್ನು ವಾಪಸ್ ಕೊಟ್ಟು ಹೋದಳು. ಅದೇ ವಾರ ಕುಪ್ಪಗಡ್ಡೆಯಿಂದ ವನಜಮ್ಮ ಫೋನ್ ಮಾಡಿ, ಪುಸ್ತಕ ಬಂತಾ ಎಂದು ಕೇಳಿದರು. ಇಲ್ಲ ಎಂದರು ನೀಲಾಂಬಿಕ.

ಹೋದದ್ದು ಇಷ್ಟು. ಆರು ವರ್ಷ. ಇನ್ನೂರ ಹನ್ನೆರಡು ಪುಟ. ಹದಿನೇಳು ಭತ್ತದ ತಳಿಗಳ ವಿವರ. ಹನ್ನೊಂದು ಹೆಂಗಸರ ಹೆಸರು. ದ್ಯಾಮಮ್ಮನದೂ ಸೇರಿ ಹನ್ನೆರಡು.