ಶಿಳ್ಳೆಯ ಮುಖ

"ಅಲ್ಲಾಡಬೇಡ ಕಣೇ! ಮೂಗು ಸೊಟ್ಟ ಬಂದರೆ ನನ್ನ ಕೇಳಬೇಡ."

"ನನ್ನ ಮೂಗು ಇರೋದೇ ಹಾಗೆ. ಇನ್ನೂ ಎಷ್ಟು ಹೊತ್ತು ಕೂರಲಿ? ಕಾಲು ಜೋಮು ಹಿಡೀತು."

ಒಗೆಯುವ ಕಲ್ಲಿನ ಮೇಲೆ ಕೂತಿದ್ದ ಹುಡುಗಿ ಕಾಲು ಕೊಡವಿದಳು. ಆದರೂ ಸುಮ್ಮನಿರಲಾರದೆ, ಮುಂದಿನ ಎರಡು ಹಲ್ಲುಗಳ ಸಂದಿಯಿಂದ ಸುಂಯ್ ಎಂದು ಶಿಳ್ಳೆ ಹಾಕಿದಳು. ಅದಕ್ಕೇ ಅವಳನ್ನು ಎಲ್ಲರೂ ಶಿಳ್ಳೆ ಎಂದು ಕರೆಯುತ್ತಿದ್ದರು. ಎದುರಿಗೆ ಕೂತು ಚಿತ್ರ ಬಿಡಿಸುತ್ತಿದ್ದವಳ ಹೆಸರು ಪೆನ್ಸಿಲ್. ಅವಳು ಕಡ್ಡಿಯ ಹಾಗೆ ಸಣ್ಣಗಿದ್ದಳು. ಕಿವಿಯ ಹಿಂದೆ ಯಾವಾಗಲೂ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದಳು. ಇಬ್ಬರಿಗೂ ಹತ್ತು ವರ್ಷ.

"ನಾಳೆ ರಿಲೇ ಓಟಕ್ಕೆ ಸೆಲೆಕ್ಷನ್ ಕಣೇ," ಅಂದಳು ಶಿಳ್ಳೆ. "ನಾನು ಸಿಕ್ಕೇ ಸಿಗ್ತೀನಿ. ಕೋಲು ಹಿಂಗೆ ತಗೊಂಡು, ಹಿಂಗೆ ಓಡಿ, ಹಿಂಗೆ ಕೊಡೋದು. ಓಡಿ ತೋರಿಸ್ಲಾ?"

"ಮೊದಲು ಹಲ್ಲು ತೋರಿಸು. ನಗು."

"ಹಲ್ಲು ಮಾತ್ರ ಬರೀಬೇಡ!"

"ಹಲ್ಲಿಲ್ಲದೆ ಬರೆದರೆ ಅದು ನಿಮ್ಮಜ್ಜಿ ಚಿತ್ರ ಆಗುತ್ತೆ."

"ನಂಗೆ ಅಜ್ಜಿನೇ ಇಲ್ವಲ್ಲ!" ಎಂದು ಶಿಳ್ಳೆ ಜೋರಾಗಿ ನಕ್ಕಳು. ಆ ನಗುವನ್ನು ಪೆನ್ಸಿಲ್ ಬೇಗ ಬೇಗ ಕಾಗದದ ಮೇಲೆ ಹಿಡಿದುಬಿಟ್ಟಳು.

ಶಿಳ್ಳೆಗೆ ಅಜ್ಜಿಯಷ್ಟೇ ಅಲ್ಲ, ಅಪ್ಪ ಅಮ್ಮನೂ ಇರಲಿಲ್ಲ. ಅವಳಿದ್ದ ಅನಾಥ ಮಕ್ಕಳ ಮನೆಯ ಇಪ್ಪತ್ತಾರು ಜನಕ್ಕೂ ಇರಲಿಲ್ಲ. ಮನೆಯನ್ನು ನೋಡಿಕೊಳ್ಳುವ ಬಿಳಿ ಕೂದಲಿನ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಪೆನ್ಸಿಲ್‌ಳ ಅಮ್ಮ ಅಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದಳು. ಶಾಲೆ ಬಿಟ್ಟ ಮೇಲೆ, ರಜದ ದಿನ ಕೂಡ, ಪೆನ್ಸಿಲ್ ಅಲ್ಲಿಗೇ ಬರುತ್ತಿದ್ದಳು.

ಮೊದಲ ದಿನವೇ ಅಮ್ಮ ಅವಳನ್ನು ಕೂರಿಸಿಕೊಂಡು ಹೇಳಿದ್ದಳು: "ಈ ಮಕ್ಕಳ ರಕ್ತದಲ್ಲಿ ಎಚ್‌ಐವಿ ಅನ್ನೋ ವೈರಸ್ ಇದೆ. ದಿನಾ ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಂಡರೆ ನಿನ್ನ ಹಾಗೇ ಓದ್ತಾರೆ, ಓಡ್ತಾರೆ. ಜೊತೇಲಿ ಆಡಿದರೆ, ಒಂದೇ ತಟ್ಟೇಲಿ ತಿಂದರೆ ಅದು ನಿನಗೆ ಬರಲ್ಲ. ಆದರೆ ಹೊರಗಿನವರಿಗೆ ಇದೆಲ್ಲ ಗೊತ್ತಿಲ್ಲ. ಅದಕ್ಕೇ ಇಲ್ಲಿ ಯಾರ್‍ಯಾರು ಇದಾರೆ ಅಂತ ಹೊರಗೆ ಬಾಯಿ ಬಿಡಬೇಡ."

ಪೆನ್ಸಿಲ್ ಯಾವತ್ತೂ ಬಾಯಿ ಬಿಟ್ಟಿರಲಿಲ್ಲ.

ಆ ಮನೆಯ ವಾಷಿಂಗ್ ಮಷಿನ್ ಕೆಟ್ಟು ಎರಡು ತಿಂಗಳಾಗಿತ್ತು. ರಿಪೇರಿಯವನು ಬಂದು ನೋಡಿ, "ಇದು ಇನ್ನು ಏಳಲ್ಲಮ್ಮ" ಎಂದು ಹೇಳಿ ಹೋಗಿದ್ದ. ಮಾತ್ರೆ, ಹಾಲು, ಶಾಲೆ ಫೀಸು ಎಂದು ಎಲ್ಲದಕ್ಕೂ ಕೈ ಚಾಚುವ ದೊಡ್ಡಮ್ಮನ ಹತ್ತಿರ ಹೊಸ ಮಷಿನ್‌ಗೆ ದುಡ್ಡಿರಲಿಲ್ಲ. ಸಣ್ಣ ಮಕ್ಕಳಿಗೆ ಆಗಾಗ ಜ್ವರ, ವಾಂತಿ. ಅಮ್ಮ ದಿನಾ ರಾಶಿ ರಾಶಿ ಬೆಡ್‌ಶೀಟ್ ಕೈಯಲ್ಲೇ ಒಗೆಯುತ್ತಿದ್ದಳು. ಬೆರಳ ಸಂದಿಗಳು ಬಿರಿದು ಕೆಂಪಾಗಿದ್ದವು. ಊಟಕ್ಕೆ ಕೂತಾಗ ಉಪ್ಪು ತಗುಲಿದರೆ ಸ್ಸ್ ಎಂದು ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದಳು.

ಹಾಗಾಗಿಯೇ, ಡ್ರಾಯಿಂಗ್ ಮೇಷ್ಟ್ರು ಕ್ಲಾಸಿನಲ್ಲಿ, "ಈ ಸಲ ನಿಮ್ಮ ಚಿತ್ರಗಳನ್ನ ಮಾರಿ, ಬಂದ ದುಡ್ಡನ್ನ ಒಂದು ಒಳ್ಳೇ ಕೆಲಸಕ್ಕೆ ಕೊಡೋಣ. ಯಾರಿಗೆ ಕೊಡೋಣ ಹೇಳಿ?" ಎಂದಾಗ ಪೆನ್ಸಿಲ್‌ಳ ಕೈ ಎಲ್ಲರಿಗಿಂತ ಮೊದಲು ಮೇಲೆ ಹೋಗಿತ್ತು.

ಮೇಷ್ಟ್ರು ದೊಡ್ಡಮ್ಮನನ್ನು ಕಂಡು ಮಾತಾಡಿ ಬಂದರು. ದೊಡ್ಡಮ್ಮ ಒಂದು ಫೋಟೊ ಕಳಿಸಿಕೊಟ್ಟರು. ಅದರಲ್ಲಿ ಮಕ್ಕಳೆಲ್ಲ ಸಾಲಾಗಿ ಆ ಕಡೆ ತಿರುಗಿ ನಿಂತಿದ್ದರು. ಬರೀ ಬೆನ್ನುಗಳು, ಜಡೆಗಳು. ಆ ಮನೆಯಲ್ಲಿ ಹಾಗೇ. ಮುಖ ಕಾಣುವ ಹಾಗೆ ಫೋಟೊ ತೆಗೆಯಲು ದೊಡ್ಡಮ್ಮ ಯಾರಿಗೂ ಬಿಡುತ್ತಿರಲಿಲ್ಲ.

ಪೆನ್ಸಿಲ್‌ಗೆ ಆ ಫೋಟೊ ನೋಡಿ ಚಿಂತೆಯಾಯಿತು. ಬೆನ್ನು ನೋಡಿ ಯಾರು ದುಡ್ಡು ಕೊಡ್ತಾರೆ?

ಆಮೇಲೆ ಅವಳಿಗೆ ಹೊಳೆಯಿತು. ದೊಡ್ಡಮ್ಮ ಬೇಡ ಅಂದಿರೋದು ಫೋಟೊ ತಾನೇ? ಚಿತ್ರ ಬೇಡ ಅಂದಿಲ್ಲವಲ್ಲ. ಶಿಳ್ಳೆ ಓದುವುದು ಊರಿನ ಆ ತುದಿಯ ಶಾಲೆಯಲ್ಲಿ. ಇಲ್ಲಿ ಅವಳ ಗುರುತು ಯಾರಿಗಿದೆ?

ಅವಳು ಎರಡೆರಡು ಸಲ ಯೋಚಿಸಿದಳು. ಎರಡು ಸಲವೂ ಸರಿ ಅನ್ನಿಸಿತು. ಆಮೇಲೆಯೇ ಶಿಳ್ಳೆಯನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ ಚಿತ್ರ ಬರೆದಿದ್ದಳು.

"ಯಾರಮ್ಮ ಇದು?" ಎಂದು ಮೇಷ್ಟ್ರು ಚಿತ್ರ ಹಿಡಿದು ಕೇಳಿದರು.

"ಯಾರೂ ಅಲ್ಲ ಸರ್. ಕಲ್ಪನೆ."

ಮೇಷ್ಟ್ರು ಅದರ ಕೆಳಗೆ ಒಂದು ಚೀಟಿ ಅಂಟಿಸಿದರು. "ಎಚ್‌ಐವಿ ಇರುವ ಅನಾಥ ಮಕ್ಕಳ ಮನೆಗಾಗಿ."

ಶನಿವಾರ ಶಾಲೆಯ ಹಾಲ್‌ನಲ್ಲಿ ಬಂದವರೆಲ್ಲ ಬೆನ್ನುಗಳ ಫೋಟೊ ದಾಟಿ ಹೋದರು. ಶಿಳ್ಳೆಯ ಮುಖದ ಮುಂದೆ ಮಾತ್ರ ನಿಂತರು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡರು. ಶಾಲೆಗೆ ನೋಟ್‌ಬುಕ್ ತಂದುಕೊಡುವ ಪುಸ್ತಕದಂಗಡಿಯವರು ಕನ್ನಡಕ ಮೇಲೆ ತಳ್ಳಿ, ಬಗ್ಗಿ ನೋಡಿದರು.

"ಆಹಾ, ಈ ಹಲ್ಲು ನೋಡಿ! ಮನೆಗೆ ಬನ್ನಿ ಅಂತ ಗೇಟು ತೆಗೆದಿಟ್ಟ ಹಾಗಿದೆ," ಎಂದು ನಕ್ಕರು. ಆಮೇಲೆ ಅವರ ದನಿ ಮೆತ್ತಗಾಯಿತು. "ಇದು ನನಗಿರಲಿ ಮೇಷ್ಟ್ರೇ." ಅವರು ಮೇಷ್ಟ್ರು ಕೇಳಿದ್ದಕ್ಕಿಂತ ತುಂಬಾ ಹೆಚ್ಚು ಕೊಟ್ಟರು.

ಹತ್ತು ದಿನದಲ್ಲಿ ಹೊಸ ಮಷಿನ್ ಬಂತು. ಮಕ್ಕಳೆಲ್ಲ ಅದರ ಸುತ್ತ ಕೂತು, ಗಾಜಿನ ಬಾಗಿಲಲ್ಲಿ ಬಟ್ಟೆ ತಿರುಗುವುದನ್ನು ಸಿನಿಮಾ ನೋಡಿದ ಹಾಗೆ ನೋಡಿದರು. ಅಮ್ಮ ಏನೂ ತೋಚದೆ ತನ್ನ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪೆನ್ಸಿಲ್ ಹಿಗ್ಗಿದಳು. ಶಿಳ್ಳೆ ಎಲ್ಲಿ ಎಂದು ಹುಡುಕಿದಳು. ಅವಳು ಅಲ್ಲಿರಲಿಲ್ಲ.

"ಅವಳು ಒಳಗೆ ಮಲಗಿದಾಳೆ," ಎಂದರು ದೊಡ್ಡಮ್ಮ. ಮನೆಯ ಮಕ್ಕಳನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು. ಅಮ್ಮನಿಗೆ ಮೆಲ್ಲಗೆ ಹೇಳಿದರು. "ಅವಳ ಶಾಲೇಲಿ ಗೊತ್ತಾಗಿಬಿಟ್ಟಿದೆ."

"ಅಯ್ಯೋ! ಹೇಗೆ?"

"ಶಾಲೆ ಎದುರಿಗೇ ಒಂದು ಪುಸ್ತಕದಂಗಡಿ ಇದೆ. ಅಲ್ಲಿ ಯಾವುದೋ ಚಿತ್ರ ಹಾಕಿದಾರಂತೆ. ಕೆಳಗೆ ಎಚ್‌ಐವಿ ಅಂತ ಬರೆದಿದೆಯಂತೆ. ಥೇಟ್ ಇವಳದೇ ಮುಖ, ಇವಳದೇ ಹಲ್ಲು. ನಾನು ಹೋಗಿ ತೆಗೀರಿ ಅಂದರೆ, ಇದ್ದ ಅನುಮಾನ ನಿಜ ಅಂತ ನಾನೇ ಹೇಳಿದ ಹಾಗಾಗುತ್ತೆ. ಏನು ಮಾಡಲಿ?"

ಅಮ್ಮ ನಿಧಾನವಾಗಿ ಪೆನ್ಸಿಲ್ ಕಡೆ ತಿರುಗಿದಳು.

"ಫೋಟೊ ಅಲ್ಲಮ್ಮ," ಅಂದಳು ಪೆನ್ಸಿಲ್. "ಚಿತ್ರ. ಬರೀ ಚಿತ್ರ."

ಮಷಿನ್ ಗುಂಯ್ ಎನ್ನುತ್ತಲೇ ಇತ್ತು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನೆ ರಿಲೇ ಇತ್ತು," ಎಂದರು ದೊಡ್ಡಮ್ಮ. "ಇವಳು ಎಲ್ಲರಿಗಿಂತ ಮುಂದೆ ಓಡಿ ಬಂದಳಂತೆ. ಮುಂದಿನ ಹುಡುಗಿ ಕೋಲು ತಗೊಳ್ಳಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟಳು. ಇವಳು ಕೋಲು ಚಾಚಿಕೊಂಡು ಅಲ್ಲೇ ನಿಂತಿದ್ದಳು. ಮಿಕ್ಕವರೆಲ್ಲ ಓಡಿ ಮುಗಿಸೋವರೆಗೂ ನಿಂತೇ ಇದ್ದಳಂತೆ. ಆಮೇಲೆ ಅವರ ಟೀಚರ್ ಬಂದು ಕೈ ಹಿಡಿದು ಕರಕೊಂಡು ಹೋದರು."

ಮರುದಿನ ಅಮ್ಮ ಪೆನ್ಸಿಲ್‌ಳನ್ನು ಬಸ್ಸಿನಲ್ಲಿ ಊರಿನ ಆ ತುದಿಗೆ ಕರೆದುಕೊಂಡು ಹೋದಳು. ರಸ್ತೆಯ ತಿರುವಿನಲ್ಲೇ ನಿಂತು, "ನಾನು ಆ ಮಕ್ಕಳ ಮನೇಲಿ ಕೆಲಸ ಮಾಡೋದು ಯಾರಿಗಾದರೂ ಗೊತ್ತಿರಬಹುದು. ನೀನೇ ಹೋಗು," ಎಂದಳು.

ಪುಸ್ತಕದಂಗಡಿಯವರು ಅವಳನ್ನು ಕಂಡ ಕೂಡಲೇ ಎದ್ದು ನಿಂತರು.

"ಓಹೋ, ನಮ್ಮ ಕಲಾವಿದೆ! ಬಾ ಮರಿ, ಬಾ. ನೋಡು, ನಿನ್ನ ಚಿತ್ರಕ್ಕೆ ಗಾಜು ಹಾಕಿಸಿದ್ದೀನಿ."

ಬಣ್ಣದ ಪೆನ್ನುಗಳ ಮೇಲೆ, ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ ಶಿಳ್ಳೆ ನಗುತ್ತಿದ್ದಳು. ಕೆಳಗೆ ಆ ಚೀಟಿ ಹಾಗೇ ಇತ್ತು. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ.

"ಆ ಮಕ್ಕಳಿಗೆ ಅಂತ ನಾನೇ ಇಟ್ಟಿದ್ದು. ಬಂದವರಿಗೆಲ್ಲ ಹೇಳ್ತೀನಿ, ಚಿಲ್ಲರೆ ಹಾಕ್ರಪ್ಪ ಅಂತ."

"ಅಂಕಲ್, ಆ ಚಿತ್ರ ವಾಪಸ್ ಕೊಡ್ತೀರಾ?"

"ಯಾಕೆ ಮರಿ?"

ಬಸ್ಸಿನಲ್ಲಿ ಕೂತು ಯೋಚಿಸಿದ್ದ ಉತ್ತರವನ್ನೇ ಪೆನ್ಸಿಲ್ ಹೇಳಿದಳು. "ಮೂಗು ಸರಿಯಾಗಿಲ್ಲ. ಸರಿಮಾಡಬೇಕು."

"ಮೂಗಿಗೇನಾಗಿದೆ? ಚೆನ್ನಾಗೇ ಇದೆಯಲ್ಲ! ಎದುರುಗಡೆ ಶಾಲೆ ಮಕ್ಕಳು ದಿನಾ ಬಂದು ನೋಡ್ತಾರೆ. ಥೇಟ್ ನಮ್ಮ ಕ್ಲಾಸಿನ ಹುಡುಗಿ ಥರಾನೇ ಇದೆ ಅಂಕಲ್ ಅಂತ..."

ಅವರ ಮಾತು ಅರ್ಧಕ್ಕೇ ನಿಂತಿತು. ಅವರು ಚಿತ್ರ ನೋಡಿದರು. ಪೆನ್ಸಿಲ್‌ಳ ಮುಖ ನೋಡಿದರು. ಪೆನ್ಸಿಲ್ ತನ್ನ ಚಪ್ಪಲಿ ನೋಡುತ್ತಿದ್ದಳು.

ಅಂಗಡಿಯವರು ಸ್ಟೂಲ್ ಹತ್ತಿ ಚಿತ್ರ ಇಳಿಸಿದರು. ಮುಖ ಒಳಗೆ ಮಾಡಿ, ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದರು. ಗಂಟು ಎರಡು ಸಲ ಜಾರಿತು.

"ಒಳ್ಳೇದಾಗಲಿ ಅಂತ ಹಾಕಿದ್ದೆ ಮರಿ," ಎಂದರು.

"ನಾನೂ ಅಂಕಲ್," ಅಂದಳು ಪೆನ್ಸಿಲ್.

ಸಂಜೆ ಶಿಳ್ಳೆ ಹಿತ್ತಲ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಶಾಲೆಗೆ ಹೋಗಿರಲಿಲ್ಲ, ಆದರೂ ಯೂನಿಫಾರ್ಮ್ ಹಾಕಿಕೊಂಡಿದ್ದಳು. ಪೆನ್ಸಿಲ್ ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತು, ಆದದ್ದನ್ನೆಲ್ಲ ಹೇಳಿದಳು. ಮೇಷ್ಟ್ರಿಗೆ ಹೇಳಿದ ಸುಳ್ಳನ್ನೂ ಹೇಳಿದಳು. ಪೇಪರಿನ ಕಟ್ಟನ್ನು ಮುಂದೆ ಇಟ್ಟಳು.

ಶಿಳ್ಳೆ ಅದನ್ನು ಬಿಚ್ಚಲಿಲ್ಲ.

"ಅವತ್ತು ನೀನು ನಂಗೋಸ್ಕರ ಬರೀತಿದೀಯ ಅಂದ್ಕೊಂಡಿದ್ದೆ," ಅಂದಳು.

ಅಮ್ಮನ ಕೈ, ಬೆಡ್‌ಶೀಟು, ಮಷಿನ್, ಎಲ್ಲವೂ ಪೆನ್ಸಿಲ್‌ಳ ನಾಲಿಗೆಯ ತುದಿಗೆ ಬಂದವು. ಒಂದನ್ನೂ ಹೇಳಲಿಲ್ಲ.

"ದೊಡ್ಡಮ್ಮ ಬೇರೆ ಶಾಲೆ ಹುಡುಕ್ತಿದಾರೆ. ಎರಡು ಬಸ್ಸು ಹತ್ತಬೇಕು."

"ಅಲ್ಲೂ ರಿಲೇ ಇರುತ್ತಾ?"

"ನಂಗೇನು ಗೊತ್ತು."

ಒಳಗೆ ಯಾವುದೋ ಮಗು ಕೆಮ್ಮುತ್ತಿತ್ತು. ಆಮೇಲೆ ಶಿಳ್ಳೆ ತಟ್ಟನೆ ಇವಳ ಕಡೆ ತಿರುಗಿದಳು.

"ನಿಂದೊಂದು ಗುಟ್ಟು ಹೇಳು."

"ಆಂ?"

"ಗುಟ್ಟು. ಹೊರಗೆ ಗೊತ್ತಾದರೆ ನಿನ್ನ ಪಕ್ಕ ಯಾರೂ ಕೂರಬಾರದು, ಅಂಥದ್ದು. ನಾನೂ ಅದನ್ನ ಎಲ್ಲಾದರೂ ನೇತು ಹಾಕ್ತೀನಿ."

ಇದು ತನಗೆ ಸಲ್ಲಬೇಕಾದದ್ದೇ ಅನ್ನಿಸಿತು ಪೆನ್ಸಿಲ್‌ಗೆ. ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. ತುಂಬಾ ಹೊತ್ತು ಯೋಚಿಸಿದಳು.

"ಎರಡನೇ ಕ್ಲಾಸಲ್ಲಿ ಬೆಂಚ್ ಮೇಲೇ ಒಂದ ಮಾಡಿಕೊಂಡಿದ್ದೆ. ನೀರಿನ ಬಾಟಲಿ ಚೆಲ್ಲಿತು ಅಂತ ಸುಳ್ಳು ಹೇಳಿದ್ದೆ."

ಶಿಳ್ಳೆ ಕಾದಳು. "ಆಮೇಲೆ?"

"ನನ್ನ ಅತ್ತೆ ಮಗಳ ರಬ್ಬರ್ ಕದ್ದಿದ್ದೆ. ಸ್ಟ್ರಾಬೆರಿ ವಾಸನೇದು."

"ಆಮೇಲೆ?"

ಪೆನ್ಸಿಲ್ ಇನ್ನೂ ಹುಡುಕಿದಳು. ಬಚ್ಚಿಟ್ಟ ಮಾರ್ಕ್ಸ್ ಕಾರ್ಡ್, ಕತ್ತಲೆಯ ಭಯ, ಒಮ್ಮೆ ಅಮ್ಮನಿಗೆ ಎದುರು ಮಾತಾಡಿದ್ದು. ಒಂದೊಂದನ್ನೂ ಎತ್ತಿ ನೋಡಿ ಕೆಳಗಿಟ್ಟಳು. ಅವನ್ನೆಲ್ಲ ಅಂಗಡಿಯ ಗೋಡೆಗೆ ಹಾಕಿದರೂ ಜನ ನೋಡಿ, ನಕ್ಕು, ಮುಂದೆ ಹೋಗುತ್ತಾರೆ. ಮರುದಿನ ಬೆಂಚಿನಲ್ಲಿ ಅವಳ ಪಕ್ಕ ಯಾರಾದರೂ ಕೂತೇ ಕೂರುತ್ತಾರೆ.

"ಅಷ್ಟೇನಾ?" ಕೇಳಿದಳು ಶಿಳ್ಳೆ.

ಪೆನ್ಸಿಲ್ ತಲೆ ತಗ್ಗಿಸಿದಳು.

"ಅಷ್ಟೇ," ಅಂದಳು.