ನಾಲ್ಕನೇ ಕೋಣೆ ಖಾಲಿ ಇರಲಿಲ್ಲ

2004ರ ಜನವರಿ 18, ಭಾನುವಾರ, ಮಧ್ಯಾಹ್ನ ಎರಡು ಐವತ್ತಕ್ಕೆ ಷಡಕ್ಷರಪ್ಪ ಅರಸೀಕೆರೆ ಠಾಣೆಯ ಮೆಟ್ಟಿಲು ಹತ್ತಿದ. ಹತ್ತಿದ ಅನ್ನುವುದಕ್ಕಿಂತ ನುಗ್ಗಿದ ಅನ್ನಬೇಕು. ಎದೆಯ ಮೇಲೆ ‘ಮುಖ್ಯ ತೀರ್ಪುಗಾರ’ ಎಂಬ ಬ್ಯಾಡ್ಜು, ಕೈಯಲ್ಲಿ ಬರೆದು ತಂದ ದೂರು. ಸಬ್‌ಇನ್‌ಸ್ಪೆಕ್ಟರ್ ಆಶಾರಾಣಿ ಆಗಷ್ಟೇ ಊಟದ ಡಬ್ಬಿ ಬಿಚ್ಚಿದ್ದಳು. ಮತ್ತೆ ಮುಚ್ಚಿಟ್ಟಳು.

“ನೋಡಮ್ಮ, ಜೆಲಟಿನ್ ಡಬ್ಬಿ ಕಾಣೆಯಾಗಿದೆ. ಕದ್ದವನು ನಿಮ್ಮ ಇಲಾಖೆಯವನೇ. ನಾಯಿ ಹಿಡಿಯೋ ಸಣ್ಣಯ್ಯ.”

“ಕೂತು ಹೇಳಿ. ಎಲ್ಲಿ, ಯಾವಾಗ?”

ಊರಾಚೆಯ ಹಳೇ ಕೊಬ್ಬರಿ ಗೋದಾಮಿನಲ್ಲಿ ಅಂದು ಬೆಳಿಗ್ಗೆ ‘ಯಗಚಿ ಶ್ವಾನ ಪರೀಕ್ಷಾ ಮಂಡಳಿ’ಯವರ ವಾಸನೆ ಪತ್ತೆ ಪರೀಕ್ಷೆ ಇತ್ತು. ಪೊಲೀಸ್ ನಾಯಿ, ಎಸ್ಟೇಟು ಕಾಯುವ ನಾಯಿ ಎಲ್ಲಾ ಸೇರಿ ಒಂಬತ್ತು ಜೋಡಿ. ಜೋಡಿ ಅಂದರೆ ಒಂದು ನಾಯಿ, ಅದನ್ನು ನಡೆಸುವ ಒಬ್ಬ ಮನುಷ್ಯ. ನಾಲ್ಕು ಕೋಣೆ. ಮೂರರಲ್ಲಿ ಒಂದೊಂದು ಡಬ್ಬಿ ಬಚ್ಚಿಟ್ಟಿರುತ್ತಾರೆ, ಡಬ್ಬಿಯಲ್ಲಿ ಕಲ್ಲುಕ್ವಾರಿಯಿಂದ ಪರವಾನಗಿ ಮೇಲೆ ತಂದ, ಬಂಡೆ ಸಿಡಿಸುವ ಜೆಲಟಿನ್ ಚೂರು. ಒಂದು ಕೋಣೆ ಖಾಲಿ, ಯಾವುದೆಂದು ನಡೆಸುವವನಿಗೆ ಹೇಳುವುದಿಲ್ಲ. ವಾಸನೆ ಸಿಕ್ಕರೆ ನಾಯಿ ಅಲ್ಲೇ ಕೂರಬೇಕು, ಅವನು ಕೈಯೆತ್ತಿ “ಇದೆ” ಅನ್ನಬೇಕು. ಸಿಗದಿದ್ದರೆ “ಖಾಲಿ” ಅನ್ನಬೇಕು. ಕೋಣೆಗೆ ಮೂರು ನಿಮಿಷ. ಹಗ್ಗ ಜಗ್ಗಿ ನಾಯಿಯನ್ನು ನಡೆಸಿದರೆ ಅಂಕ ಕಡಿತ. ಖಾಲಿ ಕೋಣೆಯಲ್ಲಿ “ಇದೆ” ಅಂದರಂತೂ ಇಡೀ ಪರೀಕ್ಷೆ ಫೇಲು. ಯಾಕೆಂದರೆ ನಾಳೆ ಇವನು ಹೀಗೇ ಕೈಯೆತ್ತಿದರೆ ಒಂದು ಬಸ್‌ಸ್ಟ್ಯಾಂಡನ್ನೇ ಖಾಲಿ ಮಾಡಿಸಬೇಕಾಗುತ್ತದೆ.

“ಇವನ ನಾಯಿ ನಾಲ್ಕನೇ ಕೋಣೆಯಲ್ಲಿ ಕೂತಿತು. ಅದು ಖಾಲಿ ಕೋಣೆ. ಊಟದ ಹೊತ್ತಿಗೆ ಬಚ್ಚಿಟ್ಟ ಮೂರನ್ನೂ ಪೆಟ್ಟಿಗೆಗೆ ಹಾಕಿ ಎಣಿಸಿದರೆ, ಇರಬೇಕಾದ ಆರು ಡಬ್ಬಿಯಲ್ಲಿ ಒಂದಿಲ್ಲ. ಡಬ್ಬಿ ಇವನ ಜೇಬಲ್ಲೇ ಇತ್ತು, ಅದಕ್ಕೇ ನಾಯಿ ಕೂತಿತು. ಲೆಕ್ಕ ಸರಿಹೋಯ್ತಲ್ಲ?”

“ಜೇಬು ನೋಡಿದ್ರಾ?”

“ತಡಕಿದೆವು. ಸಿಗಲಿಲ್ಲ. ಎಲ್ಲೋ ಬಿಸಾಕಿದಾನೆ.” ಷಡಕ್ಷರಪ್ಪ ಕರ್ಚೀಫಿನಿಂದ ಕತ್ತು ಒರೆಸಿಕೊಂಡ. “ಇಂಥವರ ಕೈಗೆಲ್ಲ ನಾಯಿ ಕೊಟ್ಟರೆ ಇನ್ನೇನಾಗುತ್ತೆ ಹೇಳಿ.”

ಆಶಾರಾಣಿಗೆ ಅಂಗಾಲಿಂದ ನೆತ್ತಿವರೆಗೆ ಉರಿದುಹೋಯಿತು. ‘ಇಂಥವರು’ ಅನ್ನುವ ಮಾತು ಅವಳಿಗೆ ಹೊಸದಲ್ಲ. ಅವಳ ಅಪ್ಪ ಬೇಲೂರಿನ ಆಫೀಸೊಂದರಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ ದುಡಿದು, ಆ ಮಾತು ಕೇಳಿಸಿಕೊಂಡೇ ನಿವೃತ್ತನಾಗಿದ್ದ. ಅವಳು ಪೆನ್ನಿನ ಕ್ಯಾಪು ತೆಗೆದಳು. ಮೂರೂವರೆಗೆ ಅಪರಾಧ ಸಂಖ್ಯೆ 11/2004 ಎಂದು ಎಫ್‌ಐಆರ್ ದಾಖಲಾಯಿತು. ಕಳವು, ಜೊತೆಗೆ ಸ್ಫೋಟಕ ಕಾಯ್ದೆ. ಸಂಶಯಿತ: ಹೆಡ್ ಕಾನ್‌ಸ್ಟೇಬಲ್ ಸಣ್ಣಯ್ಯ.

ಸಣ್ಣಯ್ಯ ಠಾಣೆಯ ಹಿಂದಿನ ಹೊಂಗೆ ಮರದ ಕೆಳಗೆ ನಿಂತಿದ್ದ. ಐವತ್ತರ ಹತ್ತಿರದವನು, ಮೆಲುಮಾತಿನವನು. ಕಾಲ ಬುಡದಲ್ಲಿ ಚಿನ್ನಿ, ಕಂದು ಬಣ್ಣದ ಲ್ಯಾಬ್ರಡಾರ್, ಮೂತಿಯನ್ನು ಅವನ ಬೂಟಿನ ಮೇಲಿಟ್ಟು ಮಲಗಿತ್ತು.

“ಡಬ್ಬಿ ತಗೊಂಡ್ರಾ?”

“ಇಲ್ಲ ಮೇಡಂ.”

“ಮೊದಲ ಮೂರು ಕೋಣೆಯಲ್ಲಿ ಸಿಕ್ಕಿತ್ತಾ?”

“ಮೂರರಲ್ಲೂ ಕೂತ್ಲು. ಮೂರೂ ಸರಿ ಅಂದ್ರು.”

“ಹಾಗಾದ್ರೆ ನಾಲ್ಕನೇದು ಖಾಲಿ ಅಂತ ನಿಮಗೇ ಗೊತ್ತಾಗಿತ್ತಲ್ರೀ! ನಾಲ್ಕರಲ್ಲಿ ಒಂದು ಖಾಲಿ ಅಂತ ನಿಯಮವೇ ಇದೆ. ಕಣ್ಣು ಮುಚ್ಕೊಂಡು ಖಾಲಿ ಅನ್ನಬಹುದಿತ್ತು.”

“ಗೊತ್ತಿತ್ತು ಮೇಡಂ.” ಸಣ್ಣಯ್ಯ ತಲೆ ತಗ್ಗಿಸಿದ. “ಆದ್ರೆ ಅವಳು ಕೂತ್ಬಿಟ್ಲು. ಅವಳು ಐತೆ ಅಂತಾವ್ಳೆ, ನಾನು ಇಲ್ಲ ಅನ್ನಕ್ಕೆ ಯಾರು? ಒಂದ್ಸಲ ನೋಡಿ ಸಾರ್ ಅಂತ ಕೈಮುಗಿದೆ. ಇಟ್ಟವನು ನಾನು, ನಂಗೆ ಹೇಳ್ಕೊಡ್ತೀಯೇನೋ ಅಂದ್ರು. ನೋಡ್ಲೇ ಇಲ್ಲ.”

ಚಿನ್ನಿ ಹೋದ ವರ್ಷ ಜ್ವರದಲ್ಲಿ ಫೇಲಾಗಿತ್ತು. ಎರಡನೇ ಸಲವೂ ಫೇಲಾದರೆ ತಂಡದಿಂದ ತೆಗೆಯುತ್ತಾರೆ. ತೆಗೆದ ನಾಯಿ ಯಾರ ಪಾಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಮಂಡಳಿ ಮಂಗಳವಾರ ಸಂಜೆ ಫಲಿತಾಂಶ ಕಳಿಸುವುದಿತ್ತು. ಅಷ್ಟರೊಳಗೆ ಇದು ಬಗೆಹರಿಯದಿದ್ದರೆ ನಾಯಿ ಹೊರಗೆ, ಸಣ್ಣಯ್ಯ ಅಮಾನತು. ಕಳ್ಳ ಅನ್ನುವ ಹೆಸರು ಬೇರೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವನ ಮೇಲೆ ಒಂದು ಮೆಮೋ ಕೂಡ ಇರಲಿಲ್ಲ.

ನಾಲ್ಕೂವರೆಗೆ ಆಶಾರಾಣಿ ಕಾನ್‌ಸ್ಟೇಬಲ್ ಧರ್ಮೇಶನನ್ನೂ ಇಬ್ಬರು ಪಂಚರನ್ನೂ ಕರಕೊಂಡು ಗೋದಾಮಿಗೆ ಹೋದಳು. ಬೀಗ ತೆಗೆದವನು ಮಂಡಳಿಯ ಸಹಾಯಕ ಉಗ್ರಪ್ಪ. ಹಳೇಬೀಡಿನವನು, ಐವತ್ತೈದು ದಾಟಿದವನು, ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಆಡದವನು.

“ಬೆಳಿಗ್ಗೆ ಒಳಗೆ ಯಾರ್ಯಾರಿದ್ರು?”

“ಸಾಹೇಬ್ರು, ನಾನು. ಎಂಟೂವರೆಗೆ ಡಬ್ಬಿ ಇಟ್ರು. ವಾಸ್ನೆ ಕೋಣೆ ತುಂಬ್ಬೇಕು ಅಂತ ಮುಕ್ಕಾಲು ಗಂಟೆ ಬಿಟ್ಟು, ಒಂಬತ್ತೂಕಾಲಿಗೆ ಮೊದಲ್ನೇ ನಾಯಿ ಬಿಟ್ರು.”

“ನೀವು ಡಬ್ಬಿ ಮುಟ್ಟಿದ್ರಾ?”

“ನಂಗೆ ಬೀಗದ ಕೆಲ್ಸ ಅಷ್ಟೇ. ಡಬ್ಬಿ ಮುಟ್ಟೋದು ಸಾಹೇಬ್ರೇ, ಗ್ಲೌಸು ಹಾಕ್ಕೊಂಡು.”

ನಾಲ್ಕನೇ ಕೋಣೆಯಲ್ಲಿ ಗೋಣಿಚೀಲದ ರಾಶಿ, ಗೋಡೆಗೆ ಒರಗಿಸಿದ ಹಳೇ ತಕ್ಕಡಿ. ವರ್ಷಗಟ್ಟಲೆಯ ಕೊಬ್ಬರಿ ಧೂಳು ಎಲ್ಲದರ ಮೇಲೂ ಜಿಡ್ಡಾಗಿ ಕೂತಿತ್ತು. ಧರ್ಮೇಶ ತಕ್ಕಡಿಯನ್ನು ಪಕ್ಕಕ್ಕೆ ಸರಿಸಿ, ಹಿಂದಿದ್ದ ಗೂಡಿನೊಳಗೆ ಟಾರ್ಚು ಬಿಟ್ಟವನು, “ಮೇಡಂ, ಇಲ್ನೋಡಿ” ಅಂದ. ಧೂಳಿನ ನಡುವೆ ದುಂಡಗೆ ಒಂದು ಜಾಗ ಶುಭ್ರವಾಗಿತ್ತು. ಪೆಟ್ಟಿಗೆಯ ಡಬ್ಬಿಯೊಂದನ್ನು ತರಿಸಿ ಮೇಲಿಟ್ಟರೆ ಕೂದಲೆಳೆಯೂ ಆಚೀಚೆ ಆಗಲಿಲ್ಲ. ಅಳತೆ ಬರೆದು, ಫೋಟೊ ತೆಗೆದು, ಪಂಚನಾಮೆಗೆ ಸಹಿ ಹಾಕಿಸಿದಾಗ ಐದೂ ನಲವತ್ತು. ನಾಯಿ ಕೂತದ್ದು ಇದೇ ಗೂಡಿನ ಕೆಳಗೆ.

“ಅಂದ್ರೆ ಡಬ್ಬಿ ಜೇಬಲ್ಲಿರಲಿಲ್ಲ, ಇಲ್ಲಿತ್ತು,” ಅಂದ ಧರ್ಮೇಶ.

“ಇಲ್ಲಿತ್ತು. ಆದ್ರೆ ಇಟ್ಟೋರು ಯಾರು? ಸಣ್ಣಯ್ಯನೇ ಒಳಗೆ ಹೋಗಿ ಇಟ್ಟ ಅಂತಾರೆ ನಾಳೆ.”

ಅದಕ್ಕೆ ಉತ್ತರ ಸಿಕ್ಕಿದ್ದು ಮದುವೆ ವಿಡಿಯೋ ತೆಗೆಯುವ ಉಮೇಶನ ಸ್ಟುಡಿಯೋದಲ್ಲಿ. ಪರೀಕ್ಷೆಯನ್ನು ಮಂಡಳಿ ಅವನ ಕೈಲಿ ಚಿತ್ರೀಕರಿಸಿತ್ತು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಸೆಟ್ ಹಾಕಿಸಿ ಆಶಾರಾಣಿ ಟಿವಿ ಮುಂದೆ ಕೂತಳು. ಸಣ್ಣಯ್ಯ ಆರನೆಯವನು. ಅವನಿಗಿಂತ ಮೊದಲು ಹೋದ ಐದು ಜೋಡಿಯ ನಾಲ್ಕನೇ ಕೋಣೆಯನ್ನಷ್ಟೇ ತಿರುಗಿಸಿ ತಿರುಗಿಸಿ ನೋಡಿದಳು.

ಮೊದಲನೇ ನಾಯಿ ತಕ್ಕಡಿಯ ಹತ್ತಿರ ಗಕ್ಕನೆ ನಿಂತು ಮೂತಿ ಮೇಲೆತ್ತಿತು. ನಡೆಸುವವನು ಹಗ್ಗ ಎಳೆದು “ಖಾಲಿ ಸಾರ್” ಅಂದ. ಎರಡನೆಯದು ಕೂರಲು ಹಿಂಗಾಲು ಮಡಿಸುತ್ತಿತ್ತು, ಅವನು ಮೊಣಕಾಲಲ್ಲಿ ನೂಕಿ ಎಬ್ಬಿಸಿದ. “ಖಾಲಿ ಸಾರ್.” ಮೂರನೆಯವನು ತಕ್ಕಡಿಯ ಕಡೆಗೆ ಎಳೆಯುತ್ತಿದ್ದ ನಾಯಿಯನ್ನು ನೋಡಲೂ ಇಲ್ಲ, ಬಾಗಿಲಲ್ಲೇ ಕೈ ಅಲ್ಲಾಡಿಸಿದ. ನಾಲ್ಕು, ಐದು, ಅದೇ ಕತೆ. ಮೂರು ಸಿಕ್ಕಾಯಿತು, ಇನ್ನು ನಾಲ್ಕನೆಯದು ಖಾಲಿ ಎಂದು ಬೆರಳೆಣಿಸಿಕೊಂಡು ಬಂದ ಗಿರಾಕಿಗಳು! ಷಡಕ್ಷರಪ್ಪ ಪಕ್ಕದಲ್ಲೇ ನಿಂತು, ಹಗ್ಗ ಜಗ್ಗಿದ್ದನ್ನು ಕಣ್ಣಾರೆ ಕಂಡೂ ಪ್ರತಿಯೊಬ್ಬನ ಮುಂದೆ ‘ಸರಿ’ ಎಂದು ಬರೆಯುತ್ತಿದ್ದ. ಆಮೇಲೆ ಚಿನ್ನಿ ಬಂತು, ಮೂಸಿತು, ಕೂತಿತು. ಸಣ್ಣಯ್ಯ ಒಂದು ಗಳಿಗೆ ಅದರ ಮುಖವನ್ನೇ ನೋಡಿದ. ಕೈಯೆತ್ತಿದ.

ಆಶಾರಾಣಿ ಮೇಜು ಗುದ್ದಿದ ಹೊಡೆತಕ್ಕೆ ಉಮೇಶನ ಟೀ ಲೋಟ ಉರುಳಿತು. “ಐದು ನಾಯಿ ಬಾಯಿಬಿಟ್ಟು ಹೇಳಿದ್ವಲ್ಲೋ! ಒಬ್ಬನಾದರೂ ಕೇಳಿಸಿಕೊಂಡನೇನೋ?”

ಉಮೇಶ ಹೆದರಿ, “ನಾನು ಬರೀ ಶೂಟಿಂಗು ಮಾಡಿದ್ದು ಮೇಡಂ” ಅಂದ.

ಒಂದಂತೂ ಸ್ಪಷ್ಟವಾಯಿತು. ಒಂಬತ್ತೂಕಾಲಿಗೇ ಡಬ್ಬಿ ಗೂಡಿನಲ್ಲಿತ್ತು. ಎಂಟೂವರೆಯಿಂದ ಅಲ್ಲಿವರೆಗೂ ಸಣ್ಣಯ್ಯ ಬೇರೆಯವರ ಜೊತೆ ಹೊರಗಿನ ಶಾಮಿಯಾನದಲ್ಲಿದ್ದ, ಅದೂ ಕ್ಯಾಸೆಟ್‌ನಲ್ಲಿದೆ. ಒಳಗಿದ್ದವರು ಇಬ್ಬರೇ. ಷಡಕ್ಷರಪ್ಪ ತನ್ನ ಪರೀಕ್ಷೆಯನ್ನು ತಾನೇ ಕೆಡಿಸಿಕೊಂಡು ದೂರು ಕೊಡಲು ಬರುತ್ತಿರಲಿಲ್ಲ. ಉಳಿದವನು ಉಗ್ರಪ್ಪ, ಡಬ್ಬಿ ಮುಟ್ಟೇ ಇಲ್ಲ ಅಂದವನು.

ಮಧ್ಯಾಹ್ನ ಹನ್ನೆರಡಕ್ಕೆ ಹೇಳಿಕೆ ಕೊಡಲು ಉಗ್ರಪ್ಪ ಹಳೇಬೀಡಿನ ಬಸ್ಸಿಳಿದು ಬಂದ. ಹೆಗಲಲ್ಲಿ ಖಾಕಿ ಚೀಲ. ಆಶಾರಾಣಿ ಚೀಲ ಇಸಕೊಂಡು, ಕಾನ್‌ಸ್ಟೇಬಲ್‌ಗಳ ಅಂಥವೇ ನಾಲ್ಕು ಚೀಲ ಸೇರಿಸಿ, ಹಿತ್ತಿಲಲ್ಲಿ ಸಾಲಾಗಿ ಇಡಲು ಪಂಚರ ಎದುರೇ ಧರ್ಮೇಶನಿಗೆ ಹೇಳಿದಳು. ಯಾವುದು ಎಲ್ಲಿ ಅಂತ ತಾನೂ ನೋಡಲಿಲ್ಲ. ತನ್ನ ಕಣ್ಣು ಹೊರಳಿದ ಕಡೆ ನಾಯಿ ಹೋಯಿತು ಅನ್ನುವ ಮಾತೇ ಬರಬಾರದು. ಇಟ್ಟ ಧರ್ಮೇಶನನ್ನೂ ಒಳಗೆ ಕಳಿಸಿದಳು. ಆಮೇಲೆ ಗೇಟಿನಾಚೆ ನಿಂತಿದ್ದ ಸಣ್ಣಯ್ಯನನ್ನು ಕರೆದಳು.

“ಏನಿದು ಮೇಡಂ?”

“ಪ್ರಶ್ನೆ ಬೇಡ. ನಡೆಸಿ.”

ಚಿನ್ನಿ ಮೊದಲ ಚೀಲ ದಾಟಿತು, ಎರಡನೆಯದನ್ನೂ ದಾಟಿತು, ಮೂರನೆಯದನ್ನು ಒಂದು ಸುತ್ತು ಹಾಕಿ ಕೂತಿತು. ಸಣ್ಣಯ್ಯ ಕೈಯೆತ್ತಿದ. “ಐತೆ ಮೇಡಂ.”

ಚೀಲದ ಬಾಯಿ ಬಿಚ್ಚಿದರೆ ಒಂದು ಟವೆಲು, ಖಾಲಿ ಬುತ್ತಿ, ಬಸ್ ಟಿಕೆಟು. ಬುತ್ತಿಯ ಮೇಲೆ ಉಗ್ರಪ್ಪನ ಹೆಸರು. ಡಬ್ಬಿ ಇರಲಿಲ್ಲ.

ನಾಯಿ ಕೂತ ಮಾತ್ರಕ್ಕೆ ಕೋರ್ಟು ಯಾರನ್ನೂ ಒಳಗೆ ಹಾಕುವುದಿಲ್ಲ, ಅದು ಆಶಾರಾಣಿಗೆ ಗೊತ್ತಿತ್ತು. ಅವಳು ಉಗ್ರಪ್ಪನ ಮುಂದೆ ಕುರ್ಚಿ ಎಳೆದುಕೊಂಡಳು.

“ಡಬ್ಬಿ ಎಲ್ಲಿದೆ?”

“ನಂಗೆ ಬೀಗದ ಕೆಲ್ಸ ಅಷ್ಟೇ.”

“ಹೊರಗೆ ನಿಂತಿರೋ ಮನುಷ್ಯನಿಗೆ ನಾಳೆ ಸಂಜೆ ನೌಕರಿ ಹೋಗುತ್ತೆ. ಆ ನಾಯಿನೂ ಹೋಗುತ್ತೆ. ನಿಮಗೇನು ಮಾಡಿತ್ತು ಅದು?”

ಅಷ್ಟು ಹೊತ್ತು ಕಲ್ಲಿನ ಹಾಗೆ ಕೂತಿದ್ದವನ ಮುಖ ಕಿವುಚಿಕೊಂಡಿತು. “ನಾಯಿ ಮಾತು ಎತ್ಬ್ಯಾಡಿ ಮೇಡಂ,” ಅಂದ. ಆಮೇಲೆ ತಡೆಯಲಿಲ್ಲ.

1994ರಲ್ಲಿ ಉಗ್ರಪ್ಪ ಬಿಕ್ಕೋಡಿನ ಹತ್ತಿರದ ಕಾಫಿ ತೋಟದಲ್ಲಿ ಕಾವಲಿನ ನಾಯಿ ನಡೆಸುತ್ತಿದ್ದ. ನಾಯಿಯ ಹೆಸರು ಜಗ್ಗ. ಬೇಲೂರಿನಲ್ಲಿ ಇದೇ ಮಂಡಳಿಯ ಪರೀಕ್ಷೆ, ಇದೇ ಷಡಕ್ಷರಪ್ಪ. ಜಗ್ಗ ಖಾಲಿ ಕೋಣೆಯಲ್ಲಿ ಕೂತಿತು, ಉಗ್ರಪ್ಪ ಕೈಯೆತ್ತಿದ, ಫೇಲು. ಸುಳ್ಳು ಹೇಳುವ ನಾಯಿಗೆ ಯಾರು ಅನ್ನ ಹಾಕುತ್ತಾರೆ ಎಂದು ತೋಟದ ಮ್ಯಾನೇಜರು ಮಾರನೇ ದಿನವೇ ಅದಕ್ಕೆ ಗುಂಡು ಹೊಡೆಸಿದ. ತಿಂಗಳು ಕಳೆದ ಮೇಲೆ, ಪರೀಕ್ಷೆ ನಡೆದ ಜಾಗದಲ್ಲಿ ಕಸ ಗುಡಿಸುವ ದೇವೀರಮ್ಮ ಹೇಳಿದಳು, ಪರೀಕ್ಷೆಯ ಹಿಂದಿನ ದಿನವೆಲ್ಲ ಡಬ್ಬಿಯ ಪೆಟ್ಟಿಗೆ ಇಟ್ಟದ್ದು ಅದೇ ಕೋಣೆಯಲ್ಲಿ ಎಂದು. ವಾಸನೆ ಅಲ್ಲೇ ಕೂತಿತ್ತು. ಉಗ್ರಪ್ಪ ಷಡಕ್ಷರಪ್ಪನ ಮನೆಗೆ ಹೋಗಿ, ಜಗ್ಗನದು ತಪ್ಪಿರಲಿಲ್ಲ ಎಂದು ಒಂದು ಚೀಟಿ ಬರೆದುಕೊಡಿ ಅಂದ. ಸತ್ತ ನಾಯಿಗೆ ಚೀಟಿ ಯಾಕಯ್ಯ ಅಂದು ಷಡಕ್ಷರಪ್ಪ ಬಾಗಿಲು ಹಾಕಿಕೊಂಡ.

“ಅದಕ್ಕೇ ಮಂಡ್ಳಿ ಸೇರ್ದೆ. ಅವ್ರಿಗೆ ನನ್ನ ಮುಖದ ನೆಪ್ಪೂ ಇರ್ಲಿಲ್ಲ. ಅವ್ರು ಡಬ್ಬಿ ಇಡೋವಾಗ ಪೆಟ್ಟಿಗೇಲಿ ಉಳ್ದಿದ್ರಲ್ಲಿ ಒಂದು ಎತ್ಕೊಂಡು ಖಾಲಿ ಕೋಣೇಲಿಟ್ಟೆ. ನಾಯಿಗೋಳು ಒಂದಾದ್ಮೇಲೊಂದು ಕೂತ್ಕೋತವೆ, ಎಲ್ಲಾನೂ ಫೇಲ್ ಮಾಡ್ತಾನೆ, ಆಗ ಜನದ ಮುಂದೆ ಗೂಡು ತೋರ್ಸಿ ಅವನ ಮಾನ ಕಳೀಬೇಕು ಅಂತ.”

“ಮತ್ಯಾಕೆ ತೋರಿಸಲಿಲ್ಲ?”

“ಐದು ಜನನೂ ನಾಯಿ ಎಳ್ಕೊಂಡ್ಬಿಟ್ರು ಮೇಡಂ! ಆಮೇಲೆ ಬಂದ ಮೂವರೂ ಅಷ್ಟೇ. ಕೂತಿದ್ದು ಚಿನ್ನಿ ಒಂದೇ. ಆವಾಗ ಬಾಯಿ ಬಿಡ್ಬೇಕಿತ್ತು. ಜೆಲಟಿನ್ನು, ಜೈಲು ಅಂತ ಭಯ ಬಿತ್ತು. ಊಟಕ್ಕೆ ಮುಂಚೆ ವಾಪಸ್ ಇಡೋಣ ಅಂದ್ರೆ ಸಾಹೇಬ್ರು ಪೆಟ್ಟಿಗೆಗೆ ಬೀಗ ಹಾಕಿ ಕೀಲಿ ಇಟ್ಕೊಂಡ್ಬಿಟ್ಟಿದ್ರು. ಚೀಲಕ್ಕೆ ಹಾಕ್ಕೊಂಡೆ.”

“ನಿಮ್ಮ ಜಗ್ಗನಿಗೆ ಮಾಡಿದ್ದನ್ನೇ ಚಿನ್ನಿಗೂ ಮಾಡೋಕೆ ಬಿಟ್ರಲ್ರೀ!” ಆಶಾರಾಣಿಯ ದನಿ ಠಾಣೆಯ ಹೊರಗಿನವರೆಗೂ ಕೇಳಿತು. “ಒಂದು ಮಾತು ಆಡಿದ್ರೆ ಸಾಕಿತ್ತು. ನಿಮಗಿಂತ ಚೆನ್ನಾಗಿ ಆ ನೋವು ಯಾರಿಗೆ ಗೊತ್ತಿತ್ತು? ನಿಂತು ನೋಡ್ತಾ ಇದ್ರಲ್ಲ, ನಾಚಿಕೆ ಆಗ್ಲಿಲ್ವಾ?”

ಉಗ್ರಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಮೂರು ಇಪ್ಪತ್ತಕ್ಕೆ ಹಳೇಬೀಡಿನ ಅವನ ಮನೆಯ ಹಿತ್ತಿಲಲ್ಲಿ, ಅವನೇ ತೋರಿಸಿದ ಸೌದೆ ಒಟ್ಟಿಲ ಅಡಿಯಿಂದ, ಪಂಚರ ಸಮಕ್ಷಮ ಡಬ್ಬಿ ವಶವಾಯಿತು. ಮುಚ್ಚಳದ ಅಂಚಿನಲ್ಲಿ ಕೊಬ್ಬರಿ ಧೂಳು ಅಂಟಿತ್ತು. ಮೂರು ಐವತ್ತಕ್ಕೆ ಉಗ್ರಪ್ಪನನ್ನು ಬಂಧಿಸಲಾಯಿತು. ಜೀಪು ಹತ್ತುವ ಮುಂಚೆ ಅವನು, ಚಿನ್ನಿಯ ಜೊತೆ ಅಲ್ಲಿಗೆ ಬಂದಿದ್ದ ಸಣ್ಣಯ್ಯನ ಹತ್ತಿರ ನಿಂತ. ಸಣ್ಣಯ್ಯ ಮುಖ ತಿರುಗಿಸಿಕೊಂಡ. ಚಿನ್ನಿ ಮಾತ್ರ ಧರ್ಮೇಶ ಹಿಡಿದಿದ್ದ ಉಗ್ರಪ್ಪನ ಚೀಲ ಮೂಸಿ ಮತ್ತೆ ಕೂತಿತು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಷಡಕ್ಷರಪ್ಪ ಹೇಳಿಕೆ ಕೊಡಲು ಬಂದ. ಮುಖದಲ್ಲಿ ಗೆಲುವು.

“ಕಳ್ಳ ಸಿಕ್ಕಿದನಂತಲ್ಲಮ್ಮ, ಒಳ್ಳೇದಾಯ್ತು. ಆದ್ರೆ ಫಲಿತಾಂಶ ಬದಲಾಗಲ್ಲ. ನನ್ನ ಪಟ್ಟಿ ಪ್ರಕಾರ ನಾಲ್ಕನೇದು ಖಾಲಿ ಕೋಣೆ.”

“ಅಮ್ಮ ಅನ್ನಬೇಡಿ. ನಾನು ಈ ಕೇಸಿನ ತನಿಖಾಧಿಕಾರಿ.” ಆಶಾರಾಣಿ ಪಂಚನಾಮೆ, ಫೋಟೊ, ಕ್ಯಾಸೆಟ್ ಮೂರನ್ನೂ ಅವನ ಮುಂದೆ ಜೋಡಿಸಿದಳು. “ಹಗ್ಗ ಜಗ್ಗಿದವರಿಗೆಲ್ಲ ನೀವು ‘ಸರಿ’ ಬರೆದಿದ್ದು ಇದರಲ್ಲಿದೆ. ಇದು ಕೋರ್ಟಿಗೆ ಹೋಗುತ್ತೆ, ಅಲ್ಲಿ ಎಲ್ಲರೂ ನೋಡ್ತಾರೆ. ನಾಯಿ ಕೂತಾಗ ಆ ಕೋಣೆಯಲ್ಲಿ ಡಬ್ಬಿ ಇತ್ತೋ, ಇಲ್ವೋ? ಅಷ್ಟು ಬರೆದು ಸಹಿ ಹಾಕಿ.”

ಷಡಕ್ಷರಪ್ಪ ಪೆನ್ನು ತೆಗೆದ. ಚಿನ್ನಿಯ ಅಂಕಪಟ್ಟಿಯಲ್ಲಿ ‘ತಪ್ಪು’ ಅನ್ನುವುದನ್ನು ಹೊಡೆದು ‘ಸರಿ’ ಎಂದು ಬರೆದು ಸಹಿ ಹಾಕಿದ. ಎದ್ದು ಹೊರಟವನ ಮುಂದೆ ಆಶಾರಾಣಿ ಇನ್ನೊಂದು ಬಿಳಿ ಹಾಳೆ ಇಟ್ಟಳು.

“ಇದೇನು?”

“ತೊಂಬತ್ತನಾಲ್ಕರದ್ದು. ಜಗ್ಗ.”

“ಅದು ಈ ಕೇಸಿಗೆ ಸಂಬಂಧವಿಲ್ಲ.” ಅವನು ಹಾಳೆ ಮುಟ್ಟಲಿಲ್ಲ. ಹೋಗಿಬಿಟ್ಟ. ಅವನನ್ನು ತಡೆಯಲು ಯಾವ ಸೆಕ್ಷನ್ನೂ ಇರಲಿಲ್ಲ.

ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಬರೆಯುವ ಜಾಗ ಇನ್ನೂ ಖಾಲಿ ಇತ್ತು. ಹಳೇ ವೈಷಮ್ಯ ಅಂತ ಎರಡೇ ಪದ ಬರೆಯುವುದು ರೂಢಿ. ಆಶಾರಾಣಿ ಬರೆದಳು: ‘1994ರಲ್ಲಿ ಬೇಲೂರಿನ ಪರೀಕ್ಷೆಯಲ್ಲಿ ಆರೋಪಿಯ ನಾಯಿ ಜಗ್ಗ, ಖಾಲಿ ಎನ್ನಲಾದ ಕೋಣೆಯಲ್ಲಿ ವಾಸನೆ ಇದೆ ಎಂದು ಕೂತಿತ್ತು. ವಾಸನೆ ಇತ್ತು.’

ಕೆಳಗೆ ಸಹಿ ಹಾಕಿ, ಹೊತ್ತು ನಮೂದಿಸಿದಳು. ಹನ್ನೊಂದು ಐದು.